ಮೈಕು ಬೇಡದ ಕೂಟ

ಭಾನುವಾರ, ಬೆಳಗ್ಗೆ

ನನ್ನ ಗುಬ್ಬಿಗೆ ಅಮ್ಮನ ಮುತ್ತುಗಳು.

"ಈ ವಯಸ್ಸಲ್ಲಿ ಮದುವೇನಾ? ಜನ ಏನಂತಾರಮ್ಮಾ?" ಎಂದು ಕೇಳಿ ನೀನು ಫೋನನ್ನು ಪಟ್ಟನೆ ಇಟ್ಟುಬಿಟ್ಟೆ. ಉತ್ತರ ಹೇಳುವುದಕ್ಕೂ ಬಿಡಲಿಲ್ಲ. ಕೋಪ ನಿನಗೆ ಮೂಗಿನ ತುದಿಯಲ್ಲೇ, ಥೇಟ್ ನಿನ್ನಪ್ಪನ ಹಾಗೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ನೀನು ಎದುರು ಮಾತಾಡುವಂತಿಲ್ಲ.

ಜನ ಏನಂತಾರೆ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳು! ಊರಿನವರೆಲ್ಲ ಬಂದು ಸೇರುವುದೇ ನಾನು ನೋಡಿಕೊಳ್ಳುವ ಈ ಬಾಡಿಗೆ ಸಭಾಂಗಣದಲ್ಲಿ. ಬೆಳಗ್ಗೆ ಬಂದವಳೇ ಬಾಗಿಲ ಬೋರ್ಡಿನ ಮೇಲೆ ಆ ದಿನದ ಕಾರ್ಯಕ್ರಮ ಬರೆಯುತ್ತೇನೆ, ಅದಕ್ಕೆ ತಕ್ಕಂತೆ ಕುರ್ಚಿ ಹಾಕಿಸುತ್ತೇನೆ. ಸಮ್ಮೇಳನ ಎಂದರೆ ವೇದಿಕೆಗೆ ಮುಖಮಾಡಿ ಸಾಲು ಸಾಲು. ಗೋಷ್ಠಿಗೆ ಅರ್ಧಚಂದ್ರ. ಸಂತಾಪ ಸಭೆಗೆ ಕುರ್ಚಿಗಳ ನಡುವೆ ಸ್ವಲ್ಪ ಜಾಗ ಬಿಡಬೇಕು, ಅಳುವವರಿಗೆ ಪಕ್ಕದವರ ಮೊಣಕೈ ತಾಗಬಾರದು. ಸ್ನೇಹಕೂಟಕ್ಕಾದರೆ ಗೋಡೆ ಬದಿಗೆ ಹಾಕಿದರೆ ಸಾಕು, ಹೇಗೂ ಯಾರೂ ಕೂರುವುದಿಲ್ಲ. ಸಂಧಾನಕ್ಕೆ ಮಾತ್ರ ಎದುರುಬದುರು, ನಡುವೆ ಅಗಲವಾದ ಮೇಜು. ಕೈ ಎತ್ತಿದರೂ ತಲುಪಬಾರದು ನೋಡು.

ನಾನು ಮದುವೆಯಾಗುವ ಈ ಮೈಕಿನವರ ಪರಿಚಯವಾದದ್ದೂ ಈ ಬೋರ್ಡಿನಿಂದಲೇ. ಹೆಂಡತಿ ತೀರಿಹೋಗಿ ಬಹಳ ವರ್ಷವಾದ ಮನುಷ್ಯ, ಮಕ್ಕಳಿಲ್ಲ. ವೈರು ಎಳೆಯುತ್ತಾ ನಾನು ಬರೆದದ್ದನ್ನು ಓದಿ ಕೀಟಲೆ ಮಾಡುತ್ತಿದ್ದರು. ಒಬ್ಬರು ಮಾತಾಡಿ ಉಳಿದವರು ಆಕಳಿಸಿದರೆ ಅದು ಉಪನ್ಯಾಸವಂತೆ, ಎಲ್ಲರೂ ಮಾತಾಡಿ ಯಾರೂ ಕೇಳದಿದ್ದರೆ ಮಹಾಸಭೆಯಂತೆ. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಚಹಾ ಕುಡಿಯುವಾಗ ನಾನೇ ಕೇಳಿದೆ, ಹಾಗಾದರೆ ಇಬ್ಬರೇ ಕೂತರೆ ಅದಕ್ಕೇನನ್ನುತ್ತೀರಿ ಎಂದು. ಅವರು ಲೋಟ ನೋಡುತ್ತಾ, "ಹೆಸರು ಗೊತ್ತಿಲ್ಲ ಮೇಡಂ, ಮೈಕಂತೂ ಬೇಡ" ಎಂದರು. ಆ ದಿನವೆಲ್ಲ ಒಬ್ಬಳೇ ನಗುತ್ತಿದ್ದೆ.

ಕಳೆದ ವಾರ ಅವರ ಅಕ್ಕ, ಭಾವ, ಅಕ್ಕನ ಮಗಳು ನನ್ನನ್ನು ನೋಡಲು ಬಂದರು. ನನ್ನ ಕೋಣೆಯಲ್ಲಿ ಕಾಲು ಚಾಚಲೂ ಜಾಗವಿಲ್ಲ, ಸಭಾಂಗಣಕ್ಕೇ ಬನ್ನಿ ಅಂದಿದ್ದೆ. ಎರಡು ಮನೆಯವರು ಮಾತಾಡಬೇಕು ಎಂದ ಕೂಡಲೇ ನನ್ನ ಹಾಳು ಕೈ ಅಭ್ಯಾಸಬಲದಿಂದ ಎದುರುಬದುರು ಕುರ್ಚಿ ಹಾಕಿ, ಆ ಅಗಲದ ಮೇಜನ್ನೇ ನಡುವೆ ಎಳೆದಿಟ್ಟಿತ್ತು! ಅಕ್ಕ ಒಳಗೆ ಬಂದು ನೋಡಿ, "ಏನಮ್ಮಾ, ನಾವಿನ್ನೂ ಜಗಳಾನೇ ಶುರು ಮಾಡಿಲ್ಲ, ಆಗ್ಲೇ ರಾಜೀನಾ?" ಎಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕೂತ ಮೇಲೆ ನೋಡಿದರೆ ಆ ಕಡೆ ಮೈಕಿನವರೂ ಅವರ ಮನೆಯವರೂ, ಈ ಕಡೆ ನಾನೊಬ್ಬಳೇ. ನನ್ನ ಪಕ್ಕದ ಕುರ್ಚಿ ನಿನಗೆಂದು ಹಾಕಿದ್ದು, ಖಾಲಿ. ಅದರ ಬೆನ್ನಿನ ಮೇಲೆ ಕೈಯಿಟ್ಟು ಕೂತೆ. ಮೈಕಿನವರು ಎದ್ದು, ಮೇಜು ಸುತ್ತಿಕೊಂಡು ಈಚೆಗೆ ಬಂದರು. ನಿನ್ನ ಕುರ್ಚಿಯಲ್ಲಿ ಕೂರಲಿಲ್ಲ. "ಇದು ಮಗಳದ್ದು, ಇರ್ಲಿ" ಎಂದು ಬೇರೊಂದು ಎಳೆದುಕೊಂಡು ಅದರಾಚೆ ಕೂತರು. ನಾನು ನಿರ್ಧಾರ ಮಾಡಿದ್ದು ಆಗಲೇ ಕಣೇ, ಅದಕ್ಕೂ ಮುಂಚೆ ಅಲ್ಲ.

ಅಪ್ಪನನ್ನು ಮರೆತೆ ಎಂದುಕೊಳ್ಳಬೇಡ. ನೆನಪು ಬೇರೆ, ಸಂಜೆ ಹೊತ್ತು ಮಾತಿಗೊಬ್ಬರು ಬೇಕು ಅನ್ನಿಸುವುದು ಬೇರೆ. ಅಪ್ಪಣೆ ಕೇಳುವ ವಯಸ್ಸು ನನ್ನದಲ್ಲ, ಕೊಡುವ ವಯಸ್ಸು ನಿನ್ನದೂ ಅಲ್ಲ. ಬರುವ ಶುಕ್ರವಾರ ನೋಂದಣಿ ಕಚೇರಿಯಲ್ಲಿ ರುಜು ಹಾಕುತ್ತೇವೆ. ನೀನು ಬಂದರೆ ಅದು ಮದುವೆ, ಬರದಿದ್ದರೆ ಬರೀ ರುಜು. ನಾನು ಸಂತೋಷವಾಗಿದ್ದೇನೆ, ಮುಚ್ಚಿಡಲು ಬರುತ್ತಿಲ್ಲ. ಆ ಸಂತೋಷದಲ್ಲಿ ನನಗೆ ನೀನು ಬೇಕು.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

ತಾ.ಕ.: ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಕೈಗೆ ಲಕೋಟೆ ಕೊಟ್ಟು, ಯಾರೆಂದೂ ಹೇಳದೆ ಮೆಟ್ಟಿಲಿಳಿದು ಹೋದರಲ್ಲ, ಬಿಳಿಮೀಸೆಯವರು, ಅವರೇ ಮೈಕಿನವರು. ನೀನು ಓದಿ ಮುಗಿಸುವವರೆಗೂ ಗೇಟಿನ ಹತ್ತಿರ ನಿಂತಿರುತ್ತಾರಂತೆ. ಕರೆದರೆ ಒಳಗೆ, ಇಲ್ಲದಿದ್ದರೆ ಮುಂದಿನ ಬಸ್ಸಿಗೆ ವಾಪಸ್ಸು. ಕರೆಯುವುದಾದರೆ ಸ್ವಲ್ಪ ಜೋರಾಗಿಯೇ ಕರಿ. ವರ್ಷಗಟ್ಟಲೆ ಸ್ಪೀಕರಿನ ಪಕ್ಕ ನಿಂತು ಅವರಿಗೆ ಕಿವಿ ಮಂದ.