ಹನ್ನೊಂದು ಬ್ರೈಲ್ ಯಂತ್ರಗಳನ್ನು ಹಿಂದಿರುಗಿಸಲು ಬಿಡಿ

ಮಾನ್ಯ ನಿರ್ದೇಶಕರೇ,

ನಿಮ್ಮ ಆರ್ಥಿಕ ನಿರ್ಬಂಧ ಜಾರಿ ಕಚೇರಿಯನ್ನು ನಂಬಿ ನಾನು ಒಂದು ಅನುಮತಿ ಕೇಳಿದೆ. ಕೇಳಿದ ತಪ್ಪಿಗೆ ಹನ್ನೊಂದು ಬ್ರೈಲ್ ಟೈಪ್‌ರೈಟರ್‌ಗಳು ನಮ್ಮ ಕಪಾಟಿನಲ್ಲಿ ಸೆರೆಯಾಗಿ ಕೂತಿವೆ.

ಅವು ನಮ್ಮವಲ್ಲ. ನೀವು ನಿರ್ಬಂಧ ಹೇರಿರುವ ದೇಶದ ಒಂದು ಅಂಧರ ಶಾಲೆ, ಆದೇಶಕ್ಕೆ ಎರಡು ತಿಂಗಳು ಮೊದಲೇ, ಅವನ್ನು ರಿಪೇರಿಗೆ ಕಳುಹಿಸಿತ್ತು. ನನ್ನ ಚಿಕ್ಕಮ್ಮನ ಕಾರ್ಯಾಗಾರದಲ್ಲಿ ಇರುವವರು ಮೂರೇ ಜನ: ಚಿಕ್ಕಮ್ಮ, ಯಾವ ಸ್ಪ್ರಿಂಗ್ ಸೋತಿದೆಯೆಂದು ಶಬ್ದದಲ್ಲೇ ಹೇಳುವ ಮೇಸ್ತ್ರಿ, ಕಾಗದಪತ್ರ ನೋಡಿಕೊಳ್ಳುವ ನಾನು. ಎಷ್ಟೇ ಸಣ್ಣ ಸಂಸ್ಥೆಯಾದರೂ 'ನಿಯಮ ಪಾಲನಾಧಿಕಾರಿ' ಇರಲೇಬೇಕೆಂದು ನಿಮ್ಮ ಕೈಪಿಡಿ ಹೇಳಿದ್ದರಿಂದ ಆ ಹುದ್ದೆಯೂ ನನ್ನ ಹೆಗಲಿಗೆ ಬಂತು. ಸಂತೋಷದಿಂದಲೇ ಹೊತ್ತೆ. ಈ ನಿರ್ಬಂಧ ಬೇಕೆಂದು ಬೀದಿಯಲ್ಲಿ ಕರಪತ್ರ ಹಂಚಿದವರಲ್ಲಿ ನಾನೂ ಒಬ್ಬಳು. ಆ ದೇಶದ ಸೇನಾಧಿಕಾರಿಗಳು ನಿರಾಯುಧರ ಮೇಲೆ ಗುಂಡು ಹಾರಿಸಿದರು. ಅವರ ಖಜಾನೆಗೆ ಬೀಗ ಬೀಳಲಿ ಎಂದು ಬಯಸಿದೆ. ಇವತ್ತಿಗೂ ಬಯಸುತ್ತೇನೆ.

ಮೊದಲೇ ಬಂದ ವಸ್ತುಗಳನ್ನು ಮೂವತ್ತು ದಿನಗಳೊಳಗೆ ಅನುಮತಿಯಿಲ್ಲದೆ ಹಿಂದಿರುಗಿಸಬಹುದೆಂದು ಆದೇಶದಲ್ಲೇ ಇತ್ತು. ಚಿಕ್ಕಮ್ಮ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದಳು.

"ಚಿಕ್ಕಮ್ಮ, ಒಂದ್ಸಲ ಆಫೀಸಿಗೆ ಬರೆದು ಕೇಳಿಬಿಡೋಣ" ಎಂದೆ.

"ಕಳಿಸಬಹುದು ಅಂತ ಅವರೇ ಬರೆದಿದಾರಲ್ಲೇ. ಇನ್ನೇನು ಕೇಳ್ತೀಯ?"

"ಮುಚ್ಚುಮರೆ ಇಲ್ಲದೆ ಇರಲಿ ಅಂತ."

ಮೇಸ್ತ್ರಿ ನಕ್ಕರು. "ಬಿಡಿ ಅಮ್ಮಾವ್ರೇ, ಬಾಗಿಲು ತೆಗೆದೇ ಇದ್ರೂ ಈಕೆ ಬೆಲ್ ಒತ್ತಿ ಹೊರಗೇ ಕಾಯ್ತಾಳೆ."

ಆದೇಶ ಹೊರಟ ಒಂಬತ್ತನೆಯ ದಿನ ನಿಮಗೆ ಬರೆದೆ. ಮರುದಿನವೇ ಇಪ್ಪತ್ತಮೂರು ಪುಟಗಳ ನಮೂನೆ ಬಂತು. ತೀರ್ಮಾನವಾಗುವವರೆಗೆ ಸರಕನ್ನು ಕದಲಿಸಕೂಡದೆಂಬ ಸೂಚನೆ ಜೊತೆಗೆ. 'ಈ ಉಪಕರಣ ಸಾಮಾನ್ಯರು ಓದಲಾಗದ ಲಿಪಿಯಲ್ಲಿ ಬರೆಯಬಲ್ಲದೇ?' ಎಂಬುದು ಹದಿನೇಳನೆಯ ಪ್ರಶ್ನೆ. ಹೌದು ಎಂದು ಬರೆದೆ. ಬೇರೇನು ಬರೆಯಲಿ? 'ಅಂತಿಮ ಬಳಕೆದಾರರ ಸೈನಿಕ ಹಿನ್ನೆಲೆ' ಎಂಬಲ್ಲಿ ಈ ಯಂತ್ರಗಳಲ್ಲಿ ಬರೆಯುವ ಹನ್ನೊಂದು ಮಕ್ಕಳ ವಯಸ್ಸು ಬರೆದೆ. ಎರಡೇ ದಿನದಲ್ಲಿ ತುಂಬಿ ತಲುಪಿಸಿದೆ. ನಿಮ್ಮ ಉತ್ತರ ನಲವತ್ತೊಂದನೆಯ ದಿನ ಬಂತು: ಹಿಂದಿರುಗಿಸಲು ಅನುಮತಿಯ ಅಗತ್ಯವಿರಲಿಲ್ಲ, ಆದರೆ ಮೂವತ್ತು ದಿನಗಳ ಅವಧಿ ಮುಗಿದಿರುವುದರಿಂದ ಈಗ ಅನುಮತಿ ಸಾಧ್ಯವಿಲ್ಲ. ಇನ್ನು ಮುಂದೆ ಇವು 'ತಡೆಹಿಡಿದ ಆಸ್ತಿ'; ಪ್ರತಿ ತಿಂಗಳು ವರದಿ ಸಲ್ಲಿಸತಕ್ಕದ್ದು; ಕಳುಹಿಸಿದರೆ ಕಾರ್ಯಾಗಾರದ ಪರವಾನಗಿ ರದ್ದು.

ಸ್ವಾಮಿ, ಆ ದಿನಗಳು ಯಾರ ಮೇಜಿನ ಮೇಲೆ ಕಳೆದವು? ಹೇಳದೆ ಕೇಳದೆ ಕಳುಹಿಸಿದ್ದರೆ ನಾವು ಕಾನೂನು ಪಾಲಕರು, ಕೇಳಿದ್ದರಿಂದ ಶಂಕಿತರು. ಇದು ನೀವು ಪ್ರಾಮಾಣಿಕರಿಗೆ ಕಲಿಸುವ ಪಾಠವೇ? ಅದೇ ತಿಂಗಳು, ಅದೇ ದೇಶದ ತೈಲ ಸಾಗಿಸಲು ಒಂದು ಹಡಗು ಕಂಪನಿಗೆ ನಾಲ್ಕೇ ದಿನದಲ್ಲಿ ವಿಶೇಷ ವಿನಾಯಿತಿ ಕೊಟ್ಟಿರೆಂದು ನಿಮ್ಮದೇ ಪ್ರಕಟಣೆಯಲ್ಲಿ ಓದಿದೆ. ಅವರಿಗೆ ಒಂದು ಮಹಡಿ ತುಂಬ ವಕೀಲರಿದ್ದಾರೆ. ಚಿಕ್ಕಮ್ಮನಿಗೆ ಇರುವುದು ನಾನು. ಹಾಗಾದರೆ ನಾನು ಬೇಡಿದ ಬೀಗ ಕೊನೆಗೆ ಯಾರಿಗೆ ಬಿತ್ತು?

ಕಳೆದ ವಾರ ಆ ಶಾಲೆಯ ಶಿಕ್ಷಕಿ ಫೋನ್ ಮಾಡಿದರು. ಮುಂದಿನ ತಿಂಗಳ ಇಪ್ಪತ್ತಕ್ಕೆ ಮಕ್ಕಳ ಶಾಲಾಂತ್ಯ ಪರೀಕ್ಷೆ. ಯಂತ್ರವಿಲ್ಲದವರಿಗೆ ಒಂದು ವರ್ಷ ಹೋದಂತೆಯೇ.

"ಇನ್ನೂ ರಿಪೇರಿ ಆಗಿಲ್ವಾ ಮಗಳೇ? ಬಿಡಿಭಾಗ ಸಿಗದಿದ್ರೆ ಹಾಗೇ ಕಳಿಸಿಬಿಡು. ಕೆಟ್ಟಿದ್ದರಲ್ಲೇ ಹೇಗೋ ಬರೀತಾರೆ."

ಚಿಕ್ಕಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಎಲ್ಲಾ ರೆಡಿ ಇದೆ ಅಕ್ಕಾ. ನಮ್ಮ ಸರ್ಕಾರ ಬಿಡ್ತಿಲ್ಲ."

ಆ ಕಡೆಯಿಂದ ಶಿಕ್ಷಕಿ, "ನಮ್ಮ ಸರ್ಕಾರ ಮಾತ್ರ ಹೀಗೆ ಅಂದ್ಕೊಂಡಿದ್ದೆ" ಎಂದರು.

ಆ ಮಾತಿಗೆ ಉತ್ತರ ಕೊಡಬೇಕಾದವರು ನೀವು. ನಿಮ್ಮ ಕಚೇರಿ ತಿಂದ ದಿನಗಳನ್ನು ಮೂವತ್ತು ದಿನಗಳ ಲೆಕ್ಕದಿಂದ ಬಿಟ್ಟು, ಯಂತ್ರಗಳನ್ನು ಕಳುಹಿಸಲು ಈ ತಿಂಗಳೊಳಗೆ ಒಂದು ಸಾಲಿನ ಆದೇಶ ಕೊಡಿ. ಆಗದೆಂದರೆ ಅದನ್ನು ಶಾಲೆಗೆ ನೀವೇ ತಿಳಿಸಿ. ನಿಮ್ಮ ಪರವಾಗಿ ನಾನಿನ್ನು ಒಂದಕ್ಷರವನ್ನೂ ಬರೆಯುವುದಿಲ್ಲ. ಮಕ್ಕಳು ತಾವೇ ಓದಿಕೊಳ್ಳುವಂತೆ ಬ್ರೈಲ್‌ನಲ್ಲೇ ಬರೆಯಿರಿ. ಯಂತ್ರಕ್ಕಾಗಿ ಎಲ್ಲೂ ಅಲೆಯಬೇಡಿ. ನಮ್ಮಲ್ಲಿ ಹನ್ನೊಂದಿವೆ, ಎಲ್ಲವೂ ಸುಸ್ಥಿತಿಯಲ್ಲಿ.

ಇಂತಿ,
ನಿಮ್ಮನ್ನು ಕೇಳಿ ಕೆಟ್ಟ ಒಬ್ಬ ನಿಯಮ ಪಾಲಕಿ