ಮಡಚಿ ಕಟ್ಟಿದ ಮುಂಡಿನ ಅಳತೆ

ಮಾವನವರಿಗೆ, ಸಾಲ್ಮಿಯಾದಿಂದ ನಿಮ್ಮ ಸೊಸೆಯ ನಮಸ್ಕಾರ.

ನೀವು ಫೋನಿಗೆ ಬರುವುದಿಲ್ಲ, ಅದಕ್ಕೇ ಪತ್ರ. ಕಳೆದ ರಜೆಯಲ್ಲಿ ಇವರು ಮುಂಡು ಉಡದೆ ಚಡ್ಡಿಯಲ್ಲೇ ನಿಮ್ಮೆದುರು ನಿಂತಾಗ, "ಗಲ್ಫಿಗೆ ಹೋದವನಿಗೆ ಇಳಿಸ್ಲಿಕ್ಕೆ ಏನುಂಟು?" ಎಂದಿರಿ. ಅಲ್ಲಿಗೆ ಅಪ್ಪ ಮಗನ ಮಾತು ನಿಂತಿತು. ನಿಮ್ಮ ಮೊಮ್ಮಗಳು ಈಗಷ್ಟೇ ನನ್ನ ಭುಜದ ಮೇಲೆ ಕಣ್ಣು ಮುಚ್ಚಿದ್ದಾಳೆ. ನನಗಂತೂ ನಿದ್ದೆಯೇ ಇಲ್ಲ. ಹೆಚ್ಚುಕಮ್ಮಿ ಬರೆದರೆ ಮನಸ್ಸಿಗೆ ಹಾಕಿಕೊಳ್ಳಬೇಡಿ.

ಇವರ ಆಫೀಸಿನ ಸ್ಕಾಟ್‌ಲೆಂಡಿನ ಮ್ಯಾನೇಜರ್ ಕೆಲಸ ಬಿಟ್ಟು ಊರಿಗೆ ಹೊರಟರು. ಬೀಳ್ಕೊಡುಗೆಯ ಊಟಕ್ಕೆ ಗಂಡಸರೆಲ್ಲ ಕಿಲ್ಟ್ ಉಡಬೇಕಂತೆ, ಅವರ ಕಡೆಯ ಗಂಡಸರ ನೆರಿಗೆ ಲಂಗ. ಉದ್ದ ಆರಿಸುವ ಕೆಲಸ ನನ್ನ ತಲೆಗೆ ಬಂತು. ಹೆರಿಗೆಯಾದ ಮೇಲೆ ನನ್ನ ಮೈಗೇ ಯಾವ ಬಟ್ಟೆಯೂ ಹೊಂದುತ್ತಿಲ್ಲ, ಇನ್ನು ಇವರ ಮೊಣಕಾಲಿನ ಚಿಂತೆ. ಮಗುವಿಗೆ ಹಾಲು ಕೊಡುತ್ತಾ ಮೊಬೈಲಿನಲ್ಲಿ ಓದಿದೆ. ಕುಳ್ಳಗಿದ್ದವರಿಗೆ ಮೊಣಕಾಲಿನ ಮೇಲಿದ್ದರೆ ಚೆಂದ, ಎತ್ತರ ಕಾಣುತ್ತಾರೆ. ಸಪೂರ ಕಾಲಿನವರಿಗೆ ತುಸು ಕೆಳಗಿಳಿಯಬೇಕು. ಹೊಟ್ಟೆಯಿದ್ದವರು ಹೊಕ್ಕುಳಿನ ಮೇಲೆ ಕಟ್ಟಬೇಕು, ಆಗ ಅಂಚು ತಾನೇ ಮೇಲೇರುತ್ತದೆ. ನಿಮ್ಮ ಮಗ ಕುಳ್ಳ, ಕಾಲು ಸಪೂರ, ಹೊಟ್ಟೆಯೂ ಉಂಟು. ಯಾವುದನ್ನು ಕೇಳಲಿ?

ಕೊನೆಗೆ, ಮನೆಯಲ್ಲಿ ಮುಂಡು ಮಡಚಿ ಕಟ್ಟುವ ಹಾಗೆ ಒಮ್ಮೆ ಕಟ್ಟಿ ಎಂದೆ. ಅಂಚು ಮೊಣಕಾಲ ಚಿಪ್ಪಿನ ನಡುವೆ ನಿಂತಿತು, ನೀವು ಕಟ್ಟುವಲ್ಲಿಗೇ. ಅದೇ ಅಳತೆ ಆರಿಸಿದೆ. ಒಪ್ಪುತ್ತಿತ್ತು ಮಾವ.

ಊಟಕ್ಕೆ ಕೂತಾಗ ಮ್ಯಾನೇಜರರ ವಯಸ್ಸಾದ ತಾಯಿ ಕೋಲೂರಿಕೊಂಡು ಬಂದರು. ಎಲ್ಲರೂ ಎದ್ದೆವು. ಇವರ ಕೈ ತನ್ನಷ್ಟಕ್ಕೆ ಸೊಂಟಕ್ಕೆ ಹೋಯಿತು, ಮಡಚಿದ್ದನ್ನು ಇಳಿಸಲಿಕ್ಕೆ. ಮಡಚಿದ್ದೆಲ್ಲಿದೆ? ಬಿಚ್ಚಿಕೊಂಡದ್ದು ಬಕಲ್. ಕಿಲ್ಟ್ ಜಾರಿತು, ಇವರು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ತಿಲಕ್ ಭಾಯಿ, ಖಲಾಸ್?" ಎಂದು ಜೊತೆಯಲ್ಲಿ ಕೆಲಸ ಮಾಡುವ ಸಾಬಿತ್ ಕೇಳಿದ್ದೇ, ಇಡೀ ಕೋಣೆ ನಕ್ಕಿತು. ಆ ಅಜ್ಜಿ ಮಾತ್ರ ಏನಾಯಿತೆಂದು ವಿಚಾರಿಸಿದರು. ನಮ್ಮಲ್ಲಿ ಹಿರಿಯರು ಬಂದರೆ ಮಡಚಿ ಕಟ್ಟಿದ ಮುಂಡು ಇಳಿಸುವುದು ಕ್ರಮ ಎಂದು ಇವರು ತಲೆತಗ್ಗಿಸಿ ಹೇಳಿದರು. ಯಾರು ಕಲಿಸಿದ್ದು ಎಂದು ಆಕೆ ಕೇಳಿದರು.

"ಅಪ್ಪ" ಎಂದರು. ಮತ್ತೆ ಊಟ ಮಾಡಲಿಲ್ಲ.

ಅಳತೆ ತಪ್ಪಿದೆನೋ, ಸರಿಯಿಟ್ಟೆನೋ ನನಗೆ ತಿಳಿಯುತ್ತಿಲ್ಲ. ಎರಡು ಬೆರಳು ಕೆಳಗಿಟ್ಟಿದ್ದರೆ ಇವರ ಕೈಗೆ ಮುಂಡಿನ ನೆನಪಾಗುತ್ತಿರಲಿಲ್ಲ, ಮಾನ ಉಳಿಯುತ್ತಿತ್ತು. ಆದರೆ ಇಳಿಸ್ಲಿಕ್ಕೆ ಏನುಂಟೆಂದು ನೀವು ಕೇಳಿದ್ದಕ್ಕೆ ಉತ್ತರವೂ ಸಿಗುತ್ತಿರಲಿಲ್ಲ.

ಶುಕ್ರವಾರ ಫೋನ್ ಮಾಡುತ್ತೇನೆ. ನೀವೇ ಎತ್ತಿ ಮಾವ. ಇವರು ಪಕ್ಕದಲ್ಲೇ ಇರುತ್ತಾರೆ, ಮುಂಡು ಇಳಿಸಿಕೊಂಡು.

ಮಗುವನ್ನು ಅಲ್ಲಿಂದಲೇ ಹರಸಿ, ಅವಳಪ್ಪನನ್ನೂ.

ನಿಮ್ಮ ಸೊಸೆ,
ಅಶ್ಮಿತಾ