ಹಕ್ಕಿಗೆ ಬಿಟ್ಟ ದಂಡೆ

ಮೇ 12
ಬೆಳಗ್ಗೆ ಮತ್ತೆ ಹಳ್ಳಕ್ಕೆ. ಹಳ್ಳ ಉಳಿಸುವ ಸಮಿತಿಯವರೆಲ್ಲ ಸೇರಿ ಪ್ಲಾಸ್ಟಿಕ್ ಎತ್ತಿದೆವು. ನನಗೆ ಸಿಕ್ಕಿದ್ದೆಲ್ಲ ಒಂಟಿ ಚಪ್ಪಲಿ. ಜೋಡಿಯಾಗಿ ಬಾಳುವವರು ಹಳ್ಳಕ್ಕೆ ಬೀಳುವುದಿಲ್ಲ ಎಂದೆ. ಅಧ್ಯಕ್ಷೆ ನಗಲಿಲ್ಲ. ಪ್ರಾಣಿಶಾಸ್ತ್ರ ಕಲಿಸಿದವರು, ನಗುವ ಪ್ರಾಣಿ ಸಿಲಬಸ್ಸಿನಲ್ಲಿ ಇರಲಿಲ್ಲವೋ ಏನೋ.

ಅಕ್ಕನ ಮನೆ ಹಿಂದಿನ ದಂಡೆ ಹೋದ ವರ್ಷದ ನೆರೆಗೇ ಅರ್ಧ ಕುಸಿದಿದೆ. ಈ ವಾರ ಅಲ್ಲಿ ಕಲ್ಲು ಕಟ್ಟುವುದು. ಭಾವ ಮಲಗಿರುವ ಕೋಣೆ ದಂಡೆಯ ಅಂಚಿಗೇ ಇದೆ. ಲಕ್ವ ಹೊಡೆದಾಗಿನಿಂದ ಕಿಟಕಿಯೇ ಅವರ ಟೀವಿ.

ಮೇ 14
ಭಾವ ಕಂಡದ್ದು, ಅಕ್ಕ ಫೋನ್ ಮಾಡಿದ್ದು — ದಂಡೆಯ ತೂತಿನಲ್ಲಿ ಮಿಂಚುಳ್ಳಿ ಗೂಡು, ಒಳಗೆ ಮರಿ. ಅಕ್ಕನಿಗೆ ಹಿಗ್ಗೋ ಹಿಗ್ಗು. ಅಧ್ಯಕ್ಷೆ ಓಡಿ ಬಂದರು. ಮರಿ ಹಾರುವವರೆಗೆ ಕಲ್ಲಿಲ್ಲ. ಬೋರ್ಡು ನನ್ನ ಪಾಲಿಗೆ. ಬರೆದೆ: ‘ಒಳಗೆ ಬಾಣಂತಿ ಇದ್ದಾಳೆ. ಸದ್ದು ಮಾಡಬೇಡಿ.’ ಎಲ್ಲರೂ ಫೋಟೋ ತೆಗೆದುಕೊಂಡರು.

ಮೇ 27
ಮಳೆ. ದಂಡೆಯಲ್ಲಿ ಬಿರುಕು. ಅಕ್ಕ ಸಭೆಗೇ ಬಂದಳು.
“ಮೇಡಂ, ಇವರ ಕೋಣೆ ಹತ್ರ ಮಾತ್ರ ನಾಲ್ಕು ಕಲ್ಲು ಹಾಕ್ಸಿ.”
“ಗೂಡು ತೋರಿಸಿದ್ದೇ ನೀವಲ್ವಾ?”
ಅಕ್ಕ ನನ್ನ ಮುಖ ನೋಡಿದಳು.
“ಅಕ್ಕಾ, ಹಕ್ಕಿ ಹಾರಿಹೋಗುತ್ತೆ, ಮನೆ ಎಲ್ಲಿಗೆ ಹೋಗುತ್ತೆ?” ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷೆಯೂ. ಮೊದಲ ಸಲ.

ಜೂನ್ 8
ಮರಿಗಳು ಹಾರಿದವು. ಕೇಕು, ಭಾಷಣ. ಕಲ್ಲು ತರಬೇಕಿದ್ದ ಲಾರಿಯಲ್ಲಿ ಕುರ್ಚಿಗಳು ಬಂದವು. ಕಲ್ಲು ನಾಳೆಯಂತೆ.

ಜೂನ್ 9
ಬೆಳಗಿನ ಜಾವ ನೀರು. ಒಬ್ಬಳಿಂದ ಭಾವನನ್ನು ಎತ್ತಲಾಗದೆ ಅಕ್ಕ ಜನ ಕರೆಯಲು ಓಡಿದಳು. ತಿರುಗಿ ಬರುವಷ್ಟರಲ್ಲಿ ಕೋಣೆ ಇರಲಿಲ್ಲ.

ಜೂನ್ 16
ಭಾವನ ದೇಹ ಸಿಕ್ಕಿದ್ದು ಬಹಳ ಕೆಳಗೆ, ಸೇತುವೆಯ ಆಚೆ. ಹಳ್ಳ ಅಷ್ಟು ಸ್ವಚ್ಛ. ಅಡ್ಡ ಬರಲು ಒಂದು ಒಂಟಿ ಚಪ್ಪಲಿಯೂ ಉಳಿದಿರಲಿಲ್ಲ…

ಜೂನ್ 27, ಸಂಜೆ
ಅಕ್ಕ ಈಗ ನಮ್ಮ ಮನೆಯಲ್ಲಿ. ಇಂದು ತಟ್ಟೆ ಇಡುತ್ತಾ ಕೇಳಿದಳು: “ಮನೆ ಎಲ್ಲಿಗೆ ಹೋಗುತ್ತೆ ಅಂದಿದ್ಯಲ್ಲೋ. ಹೋಗಿದೆ. ಎಲ್ಲಿಗೆ ಅಂತ ನೀನೇ ಹೇಳು.”

ಅಷ್ಟರಲ್ಲಿ ಅಧ್ಯಕ್ಷೆಯ ಫೋನ್. ಕುಸಿದ ದಂಡೆ ಗೋಡೆಯ ಹಾಗೆ ನೇರ ನಿಂತಿದೆಯಂತೆ. ಮಿಂಚುಳ್ಳಿ ಮತ್ತೆ ತೂತು ಕೊರೆಯುತ್ತಿದೆಯಂತೆ. “ನಿಮ್ಮ ಅಕ್ಕನ ಮನೆಯಲ್ಲಿ ಉಳಿದಿರೋ ಭಾಗಕ್ಕೆ ಕಲ್ಲು ಸದ್ಯಕ್ಕೆ ಬೇಡ. ಆ ಹಳೇ ಬೋರ್ಡಿನ ಥರದ್ದೇ ಇನ್ನೊಂದು ಬರ್ಕೊಡಿ. ಜನಕ್ಕೆ ತುಂಬಾ ಹಿಡಿಸಿತ್ತು.”

ಹಲಗೆ, ಬಣ್ಣ ಹಿಡಿದು ಕುಳಿತೆ. ‘ಒಳಗೆ’ ಎಂದು ಬರೆದೆ. ಬೆನ್ನ ಹಿಂದೆ ಅಕ್ಕ.
“ಬರಿ,” ಎಂದಳು. “ಒಳಗೆ ಯಾರಿದಾರೆ, ಬರಿ.”

ಒಳಗೆ —